ಬರೀ ಆಲೂಗಡ್ಡೆ, ಕಂದಾ

ಮಾಗಿದ ಬಾಳೆಹಣ್ಣಿನ ವಾಸನೆ, ಎಲ್ಲಿಂದ ಬಂತು, ಈ ಅಡುಗೆಮನೆಗೆ ಅವಳು ಬಾಳೆಹಣ್ಣು ತರಿಸುವುದೇ ಇಲ್ಲವಲ್ಲ, ಆ ವಾಸನೆ ಮೂಗಿಗೆ ತಾಗಿದರೆ ಇವತ್ತಿಗೂ ನಾಲಿಗೆಯ ಬುಡ ಕಹಿಯಾಗುತ್ತದೆ, ಅವಳಿಗೆ ಐದು ವರ್ಷ ಆಗ, ಸುಡುವ ಜ್ವರ, ಹಣೆಯ ಮೇಲೆ ಒದ್ದೆ ಬಟ್ಟೆ, ಬಾಯಿಯ ಹತ್ತಿರ ಅಮ್ಮನ ಕೈ, ಬಾಯಿ ತೆಗಿ ಪುಟ್ಟಿ, ಬರೀ ಹಣ್ಣು — ಸಾಕು, ಗಡಿಯಾರ ನೋಡು, ಹನ್ನೊಂದೂಮುಕ್ಕಾಲು, ಹನ್ನೆರಡೂವರೆಗೆ ನರ್ಸ್ ಬರುತ್ತಾಳೆ. ಹೊಲಿಗೆ ಕಾರ್ಖಾನೆಯ ಈ ಶಿಶುವಿಹಾರದಲ್ಲಿ ಹದಿನಾಲ್ಕು ಮಕ್ಕಳು, ಹದಿಮೂರು ಉಂಡು ಕೈತೊಳೆಯುವ ನೆಪದಲ್ಲಿ ನೀರಾಟವಾಡುತ್ತಿವೆ, ಹದಿನಾಲ್ಕನೆಯದು ಗುಬ್ಬಿ, ಎರಡೂವರೆ ವರ್ಷದ ಹುಡುಗಿ, ಮೂಲೆಯ ಚಾಪೆಯ ಮೇಲೆ ತುಟಿ ಬಿಗಿದು ಕೂತಿದ್ದಾಳೆ, ಐದು ದಿನದಿಂದ ಹೀಗೇ. ನಿನ್ನೆ ನರ್ಸ್ ಹೇಳಿ ಹೋದದ್ದು, ತೂಕ ಮುಕ್ಕಾಲು ಕಿಲೋ ಇಳಿದಿದೆ ಅಜ್ಜಿ, ನಾಳೆ ನಾನು ಬರೋದ್ರೊಳಗೆ ಊಟ ಅಂತ ಏನಾದ್ರೂ ಒಳಗೆ ಹೋಗ್ಲಿಲ್ಲ ಅಂದ್ರೆ ಆಸ್ಪತ್ರೆಗೆ ಬರ್ಕೊಡ್ತೀನಿ, ಅಲ್ಲಿ ಮೂಗಿಗೆ ಕೊಳವೆ ಹಾಕ್ತಾರೆ, ನಾನೇನೂ ಮಾಡೋಕಾಗಲ್ಲ — ಅಷ್ಟು ಪುಟ್ಟ ಮೂಗು, ಅದರಲ್ಲಿ ಕೊಳವೆ.

ಹೀಗೆ ಮಾಡಿದ್ದು ಅಡುಗೆಯವಳಾದ ಇವಳೇ, ಬೇರೆ ಯಾರೂ ಅಲ್ಲ, ಎಷ್ಟು ಜಂಬ ಕೊಚ್ಚಿಕೊಂಡಿದ್ದಳು, ನನ್ನ ಮಿಕ್ಸಿಗೆ ಬಿದ್ದ ತರಕಾರೀನ ಅದನ್ನ ಹೆತ್ತ ಬಳ್ಳೀನೂ ಗುರುತು ಹಿಡಿಯಲ್ಲ ಅಂತ, ಆಯಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು, ಕ್ಯಾರೆಟ್ ಮೊಟ್ಟೆಯೊಳಗೆ ಹೋಯಿತು, ಕುಂಬಳ ಹಾಲಿನೊಳಗೆ, ಹೂಕೋಸು ಅನ್ನದೊಳಗೆ, ಒಂದು ವರ್ಷ ಯಾವ ಮಗುವಿಗೂ ಸುಳಿವು ಸಿಗಲಿಲ್ಲ, ಕಳೆದ ಸೋಮವಾರ ಕಿವುಚಿದ ಆಲೂಗಡ್ಡೆಯೊಳಗೆ ಪಾಲಕ್, ಒಂದೇ ಒಂದು ಚಮಚ, ಗುಬ್ಬಿ ಅನುಮಾನದಿಂದ ನೋಡಿದಾಗ ಇವಳು ನಕ್ಕು ಹೇಳಿದಳು, ಬರೀ ಆಲೂಗಡ್ಡೆ, ಕಂದಾ. ಬಾಯಿ ತೆರೆಯಿತು. ಅಗಿಯುವುದು ನಿಂತಿತು. ಗುಬ್ಬಿ ಎರಡು ಬೆರಳು ಬಾಯಿಗೆ ಹಾಕಿ ದಂಟಿನ ಒಂದು ನಾರನ್ನು ಎಳೆದಳು, ಮಿಕ್ಸಿಗೆ ಸಿಗದೆ ಉಳಿದ ಹಸಿರು ನಾರು, ಬೆಳಕಿಗೆ ಹಿಡಿದು ನೋಡಿದಳು, ಆಮೇಲೆ ಇವಳ ಮುಖ ನೋಡಿದಳು, ಅಳಲಿಲ್ಲ, ಅತ್ತಿದ್ದರೆ ಎತ್ತಿಕೊಂಡು ಸಮಾಧಾನ ಮಾಡಬಹುದಿತ್ತು, ಬರೀ ನೋಡಿದಳು, ಎರಡು ಬೆರಳು, ನಡುವೆ ಹಸಿರು.

ವಾಸನೆ ಬಾಗಿಲ ಪಕ್ಕದ ಮೊಳೆಯಿಂದ, ಅಲ್ಲಿ ಗುಬ್ಬಿಯ ಚೀಲ ನೇತಾಡುತ್ತಿದೆ, ಬೆಳಿಗ್ಗೆ ಅವಳ ತಾಯಿ ತೂಗುಹಾಕಿ ಹೋದದ್ದು, ಒಂದು ಬಾಳೆಹಣ್ಣು ಇಟ್ಟಿದೀನಿ ಅಜ್ಜಿ, ಮನೇಲೂ ಅಷ್ಟೇ, ಸಿಪ್ಪೆ ಇರೋದು ಮಾತ್ರ ಬೇಕಂತೆ, ಅದನ್ನೂ ನಾನು ಸುಲಿಯೋಹಾಗಿಲ್ಲ, ತಾನೇ ಸುಲೀಬೇಕು. ಬೈಯುತ್ತಾಳೆ ಎಂದು ಇವಳು ಕಾದಿದ್ದಳು, ಬೈಯಲಿಲ್ಲ ಆ ತಾಯಿ, ಕಾರ್ಖಾನೆಯ ಗಂಟೆ ಹೊಡೆಯುತ್ತಿದ್ದರೂ ನಿಂತು, ಇದೇನು ಜೇಬು ಹರ್ಕೊಂಡಿದೆ ಅಂತ ಕುಪ್ಪಸಕ್ಕೆ ಚುಚ್ಚಿದ್ದ ಸೂಜಿ ತೆಗೆದು ಇವಳ ಏಪ್ರನ್ನಿಗೆ ನಾಲ್ಕು ಹೊಲಿಗೆ ಹಾಕಿ, ದಾರವನ್ನು ಹಲ್ಲಲ್ಲಿ ಕಡಿದು ಓಡಿದಳು, ಬೈದಿದ್ದರೇ ಚೆನ್ನಾಗಿತ್ತು. ಸಿಪ್ಪೆ ಇರೋದು ಮಾತ್ರ — ಸಿಪ್ಪೆ — ಯಾರೂ ಒಳಗೆ ಕೈಹಾಕಿಲ್ಲ ಎಂದು ಅದಕ್ಕೆ ಗೊತ್ತಾಗಬೇಕು, ಅಷ್ಟೇ ತಾನೇ, ತನ್ನ ಅಮ್ಮನೂ ಅಂದು ಹಣ್ಣಿನ ಹೋಳಿನ ನಡುವೆ ಬಿಳಿ ಮಾತ್ರೆ ತೂರಿಸಿದ್ದಳು, ಕಚ್ಚಿದಾಗ ಬಾಯಿತುಂಬ ಕಹಿ, ಅಮ್ಮನ ಮೇಲೆ ಕೋಪವಿಲ್ಲ, ಮಾತ್ರೆಯಿಂದಲೇ ಬದುಕಿದ್ದು, ಆದರೂ ಅರವತ್ತು ವರ್ಷವಾಯಿತು ಬಾಳೆಹಣ್ಣು ತಿಂದು.

ಬುಟ್ಟಿಯಲ್ಲಿ ನಾಳೆಗೆಂದು ತಂದ ಹಸಿ ಬಟಾಣಿ, ಸಿಪ್ಪೆಯ ಸಮೇತ. ಪಾತ್ರೆಗೆ ನೀರು, ಉಪ್ಪು, ಇಡೀ ಇಡೀ ಕಾಯಿಗಳು, ಏನಕ್ಕಾ, ಸುಲಿಯೋಕೂ ಬೇಜಾರಾ ಇವತ್ತು, ದನಕ್ಕೆ ಬೇಯಿಸೋಹಾಗೆ ಬೇಯಿಸ್ತಿದೀಯಲ್ಲ ಎಂದಳು ಆಯಾ, ಸುಮ್ನಿರೇ ಮಾರಾಯ್ತಿ, ಗಡಿಯಾರ ಹನ್ನೆರಡು ದಾಟಿದೆ, ಬೇಯಲಿ, ಹಿಚುಕಿದರೆ ಬೆಣ್ಣೆಯಾಗುವಷ್ಟು ಬೇಯಲಿ, ಹನ್ನೆರಡೂಕಾಲು, ಬಾಯಿ ಬಿಟ್ಟ ಕಾಯಿಗಳನ್ನೆಲ್ಲ ಆಚೆ ಎತ್ತಿಟ್ಟಳು, ಬಾಯಿ ಮುಚ್ಚಿದವು ಮಾತ್ರ ಸಾಕು, ಆರಿಸಿ ಬಟ್ಟಲಿಗೆ ಹಾಕಿದಳು, ಮೊಣಕಾಲು ಕಿರ್ರೆಂದರೂ ಚಾಪೆಯ ಮೇಲೆ ಕೂತಳು, ಬಟ್ಟಲನ್ನು ನಡುವೆ ಸರಿಸಿದಳು, ಬರೀ ಬಟಾಣಿ ಎಂಬ ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡಳು, ಆ ಬರೀ ಎಂಬ ಪದ ಇನ್ನು ಬೇಡ. ಹೊರಗೆ ಗೇಟಿನ ಸದ್ದು. ನರ್ಸ್ ಇರಬೇಕು. ಗುಬ್ಬಿ ಒಂದು ಕಾಯಿ ಎತ್ತಿದಳು, ತಿರುಗಿಸಿದಳು, ಮೂಸಿದಳು, ಹೊಲಿಗೆಯಂಥ ಆ ಅಂಚನ್ನು ಉಗುರಿನಿಂದ ಸವರಿದಳು, ಎಲ್ಲೂ ಬಿಚ್ಚಿಲ್ಲ, ಎಲ್ಲೂ, ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು, ಒತ್ತಿದಳು, ಕಾಯಿ ಬಾಯಿ ತೆರೆಯಿತು, ಒಳಗೆ ಸಾಲಾಗಿ ಐದು, ಒಂದನ್ನು ತೆಗೆದು ಇವಳ ಮುಖ ನೋಡಿದಳು, ಅದೇ ನೋಟ, ಕೈ ಚಾಚಿ ಇವಳ ತುಟಿಯ ಹತ್ತಿರ ತಂದಳು, ಇವಳು ಬಾಯಿ ತೆರೆದಳು, ಅಗಿದಳು, ನಾಲಿಗೆ ಕಹಿಗಾಗಿ ಕಾಯುತ್ತಲೇ ಇತ್ತು, ಬರಲಿಲ್ಲ, ಸಿಹಿ, ನುಂಗುವ ಗಂಟಲನ್ನು ಗುಬ್ಬಿ ಕಣ್ಣು ಕೀಲಿಸಿ ನೋಡಿದಳು, ಎರಡನೆಯದನ್ನು ತನ್ನ ಬಾಯಿಗೆ ಹಾಕಿಕೊಂಡಳು, ಅಗಿದಳು, ನಿಲ್ಲಿಸಲಿಲ್ಲ, ಬಾಗಿಲಲ್ಲಿ ನರ್ಸ್ ನಿಂತಳು, ಆಯಾ ಅವಳ ತೋಳು ಹಿಡಿದು ತಡೆದಳು, ಮೂರನೆಯದೂ ತನ್ನ ಬಾಯಿಗೆ, ನಾಲ್ಕನೆಯದು ಮತ್ತೆ ಇವಳಿಗೆ, ಚಾಚಿದ ಎರಡು ಬೆರಳು, ನಡುವೆ ಹಸಿರು, ಎರಡು ಬೆರಳು —