ಬಟ್ಟೆಯಿಲ್ಲದೆ ಓಡಿದ ಹೊಲಿಗೆ ಯಂತ್ರ

ಆ ಬೀದಿಯಲ್ಲಿ ದರ್ಜಿಯ ಮನೆಯೆಂದರೆ ಮರ್ಯಾದಸ್ಥರ ಮನೆ. ಇಂಥ ಮರ್ಯಾದೆಗೆ ಬೆಂಕಿ ಬೀಳಲಿ! ಅದನ್ನು ಕಾಪಾಡಲು ಮನೆಯವರು ಏನು ಮಾಡಿದ್ದರೆಂಬುದು ಎರಡನೆಯ ಮಗಳಿಗೆ ಚೆನ್ನಾಗಿ ಗೊತ್ತಿತ್ತು. ಹೆರಿಗೆಗೆಂದು ಬಂದಿದ್ದ ಅಕ್ಕ, ಹೆತ್ತ ವಾರದಲ್ಲೇ ನಿದ್ದೆಗೆಟ್ಟು, ಈ ಕೂಸು ನನ್ನದಲ್ಲ, ಯಾರೋ ಬದಲಾಯಿಸಿದ್ದಾರೆ ಎಂದು ಕಿರುಚತೊಡಗಿದ್ದಳು. ಅವಳನ್ನು ಹಿಂದಿನ ಕೋಣೆಗೆ ನೂಕಿ ಅಗುಳಿ ಹಾಕಿದರು. ಕೂಗು ಬೀದಿಗೆ ಕೇಳಬಾರದೆಂದು ಅಪ್ಪ, ಸೂಜಿಯ ಕೆಳಗೆ ತುಂಡು ಬಟ್ಟೆಯೂ ಇಲ್ಲದೆ, ಹಗಲೆಲ್ಲ ಹೊಲಿಗೆ ಯಂತ್ರ ತುಳಿದ. ಆ ಸದ್ದಿನಲ್ಲಿ ಕೂಗು ಯಾವಾಗ ನಿಂತಿತೆಂದು ಯಾರಿಗೂ ತಿಳಿಯಲಿಲ್ಲ. ಬಾಗಿಲು ತೆಗೆದಾಗ ಅಕ್ಕ ಜೀವ ಕಳೆದುಕೊಂಡಿದ್ದಳು. ಕೇಳಿದವರಿಗೆಲ್ಲ ಬಾಣಂತಿ ಜ್ವರ ಎಂದರು.

ಈಗ ಎರಡನೆಯವಳೇ ಬಸುರಿ. ಆಸ್ಪತ್ರೆಗೆ ಹೊರಟಾಗ ಅಮ್ಮ ಕೈ ಹಿಡಿದು ನಿಲ್ಲಿಸಿದಳು.

"ಡಾಕ್ಟರು ಮನೆತನದ ವಿಷಯ ಕೆದಕ್ತಾರೆ. ಬಾಯಿ ಬಿಟ್ಟೀಯ, ಜೋಕೆ. ನಿಮ್ಮತ್ತೆ ಬೇರೆ ಜೊತೇಲಿರ್ತಾರೆ."

"ಅಜ್ಜಿಗೂ ಹೆತ್ತ ಮೇಲೆ ಅಕ್ಕನ ಹಾಗೇ ಆಗಿತ್ತಂತಲ್ಲಮ್ಮ?"

"ಅಜ್ಜಿಗೆ ಗಾಳಿ ಸೋಕಿತ್ತು, ಅಷ್ಟೇ. ನಿನ್ನ ತಂಗಿಗೆ ಸಂಬಂಧ ಕುದುರೋ ಹೊತ್ತಲ್ಲಿ ನಮ್ಮ ಮುಖಕ್ಕೆ ಮಸಿ ಬಳೀಬೇಡ."

ಡಾಕ್ಟರು ಕೇಳಿಯೇ ಕೇಳಿದರು. "ತವರಲ್ಲಿ ಯಾರಿಗಾದ್ರೂ ಹೆರಿಗೆ ಆದ್ಮೇಲೆ ಬುದ್ಧಿ ಕದಡಿದ್ದುಂಟಾ?"

"ನಮ್ಮ ವಂಶದಲ್ಲಿ ಅಂಥದ್ದೇನೂ ಇಲ್ಲ," ಜೊತೆಗೆ ಬಂದಿದ್ದ ಅಮ್ಮನೇ ಉತ್ತರ ಕೊಟ್ಟಳು.

ಮನೆಯ ಆ ಹಿಂದಿನ ಕೋಣೆ ತನಗಾಗಿಯೂ ಕಾದಿದೆ ಎನ್ನಿಸಿ ಮಗಳು ಬಾಯಿ ಬಿಟ್ಟಳು.

"ಇದೆ, ಡಾಕ್ಟ್ರೇ. ಅಜ್ಜಿಗಿತ್ತು. ನಮ್ಮಕ್ಕ ಅದರಲ್ಲೇ ಸತ್ತಳು. ಜ್ವರ ಗಿರ ಏನೂ ಇರಲಿಲ್ಲ. ನಾವು ಕೂಡಿಹಾಕಿದ್ವಿ."

ಅತ್ತೆ ಎದ್ದು ಹೊರಗೆ ಹೋದರು.

"ಇದು ಕಾಯಿಲೆ, ಯಾರ ತಪ್ಪೂ ಅಲ್ಲ," ಎಂದರು ಡಾಕ್ಟರು. "ಅಜ್ಜಿಗೆ, ಅಕ್ಕನಿಗೆ ಬಂದಿದ್ರೆ ನಿಮಗೆ ಬಂದೇ ಬರುತ್ತೆ ಅಂತಲ್ಲ, ಆದ್ರೆ ಬೇರೆಯವರಿಗಿಂತ ಅಪಾಯ ಜಾಸ್ತಿ. ಮೊದಲೇ ಗೊತ್ತಾದ್ರೆ ಕಣ್ಣಿಟ್ಟಿರ್ತೀವಿ. ನಿದ್ದೆ ಕೆಟ್ಟ ಕೂಡಲೇ ಔಷಧಿ ಶುರು ಮಾಡ್ತೀವಿ. ವಾಸಿಯಾಗುತ್ತೆ."

"ಹಾಗಾದ್ರೆ ನಮ್ಮಕ್ಕ?"

"ಉಳೀಬಹುದಿತ್ತಮ್ಮ."



ಸುದ್ದಿ ಹರಡಿ ತಂಗಿಯ ಸಂಬಂಧ ಮುರಿದುಬಿತ್ತು. ಹೆತ್ತ ಕೆಲವೇ ದಿನಗಳಲ್ಲಿ ಇವಳಿಗೂ ನಿದ್ದೆ ಹಾರಿತು, ಗೋಡೆಗಳು ಮಾತಾಡತೊಡಗಿದವು. ಆಸ್ಪತ್ರೆಯವರು ಎಚ್ಚರವಾಗಿದ್ದರು, ತಕ್ಷಣ ಸೇರಿಸಿಕೊಂಡರು. ಗುಣವಾದ ಮೇಲೆ ಕೂಸನ್ನೆತ್ತಿಕೊಂಡು ತವರಿಗೆ ಬಂದವಳನ್ನು ಅಮ್ಮ ಬಾಗಿಲಲ್ಲೇ ತಡೆದಳು.

"ನೀನೇನೋ ಉಳಕೊಂಡೆ. ಮನೆ ಮಾನ ಉಳೀಲಿಲ್ಲ."

ಅವಳು ಅಮ್ಮನನ್ನು ದಾಟಿ ಒಳಗೆ ನಡೆದು, ಯಂತ್ರದ ಮುಂದೆ ಕೂತಿದ್ದ ಅಪ್ಪನ ಮಡಿಲಿಗೆ ಕೂಸನ್ನು ಹಾಕಿದಳು. ಅದು ಗಟ್ಟಿಯಾಗಿ ಅಳತೊಡಗಿತು. ಅಪ್ಪನ ಕಾಲು ತಾನಾಗಿಯೇ ಪೆಡಲಿನ ಮೇಲೆ ಹೋಯಿತು.

"ತುಳೀಬೇಡಪ್ಪ," ಎಂದಳು ಮಗಳು. "ಬೀದಿಗೆ ಕೇಳಲಿ."