ಪೆದ್ದಪ್ಪನ ಗಾಡಿ ಹತ್ತಿದ ವಕೀಲರು

ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದರೂ ಮುನಿರಾಮಪ್ಪನ ಕಣ್ಣೆಲ್ಲ ಬೀದಿಯ ಕಡೆಗೇ. ಪೆದ್ದಪ್ಪ ಬರುತ್ತಾನೋ ಇಲ್ಲವೋ ಎಂಬುದೊಂದೇ ಅವನ ಚಿಂತೆ. ಬಂದು ಕಣ್ಣೀರು ಹಾಕಿದರೆ, ಸತ್ತ ವಕೀಲರೂ ಅವನೂ ಒಳಗೊಳಗೇ ಒಂದಾಗಿದ್ದದ್ದು ಖಾತ್ರಿ. ಆಗ ತಾನು ಕೊಟ್ಟ ದೂರು ಸರಿ, ಮನಸ್ಸೂ ಹಗುರ.

"ಎಷ್ಟು ಬಿಗೀತೀಯಪ್ಪ," ಎಂದ ಪಕ್ಕದಲ್ಲಿದ್ದ ದೊಡ್ಡಮುನಿಯಪ್ಪ. "ಎದ್ದು ಓಡೋಗ್ತಾರಾ ಕೋದಂಡರಾಮಪ್ಪನೋರು?"

"ವಕೀಲರನ್ನ ನಂಬೋಕಾಗಲ್ಲ ಬಿಡು."

*

ಎರಡನೇ ಮಹಾಯುದ್ಧ ಶುರುವಾದ ವರ್ಷ, ಹೊಲದ ಬಾವಿ ಯಾರದೆಂಬ ವ್ಯಾಜ್ಯ ಕೋಲಾರದ ಕೋರ್ಟಿನಲ್ಲಿತ್ತು. ಎದುರುಪಾರ್ಟಿ ಪೆದ್ದಪ್ಪ, ಮುನಿರಾಮಪ್ಪನ ವಕೀಲರು ಅವನದೇ ಊರಾದ ಕ್ಯಾಲನೂರಿನ ಕೋದಂಡರಾಮಪ್ಪ. ವಾದಕ್ಕೆ ಮುಂಚಿನ ದಿನ ಮುನಿರಾಮಪ್ಪ ಮಾಲೂರು ಸಂತೆಗೆ ಹೋಗಿದ್ದ. ಅಲ್ಲಿನ ಸ್ಟೇಷನ್ನಿನಲ್ಲಿ ರೈಲಿಳಿದ ವಕೀಲರು ಪೆದ್ದಪ್ಪನ ಗಾಡಿ ಹತ್ತಿದ್ದನ್ನು ಕಣ್ಣಾರೆ ಕಂಡ. ಕೇಸು ಬಿದ್ದುಹೋಯಿತು. ಇನ್ನೇನು ಬೇಕು? ಎದುರುಪಾರ್ಟಿಯ ಜೊತೆ ಶಾಮೀಲಾದರೆಂದು ದೂರು ಕೊಟ್ಟ, ಆಣೆಯಿಟ್ಟು ಸಾಕ್ಷಿಯನ್ನೂ ನುಡಿದ. ವಕೀಲರಿಗೆ ಕೋರ್ಟಿನಲ್ಲಿ ವಾದಿಸಲು ಇದ್ದ ಸನ್ನದೇ ಹೋಯಿತು. ಅವರು ಹೈಕೋರ್ಟಿಗೆ ಹಾಕಿದ ಅಪೀಲೂ ವಜಾ ಆಯಿತು.

ಆಮೇಲೆ ಅವರು ಹಿಪ್ಪುನೇರಳೆ ತೋಟಕ್ಕೆ ಹೋಗುವಾಗ ಚಳಿಗೆಂದು ಕೋರ್ಟಿನ ಕರಿಕೋಟನ್ನೇ ಹಾಕಿಕೊಳ್ಳುತ್ತಿದ್ದರು. ಎದುರು ಸಿಕ್ಕರೆ "ಏನಪ್ಪ, ರಾಗಿ ಹೆಂಗಿದೆ?" ಎನ್ನುತ್ತಿದ್ದರೇ ಹೊರತು ಗಾಡಿಯ ಮಾತೆತ್ತಲಿಲ್ಲ. ತಪ್ಪಿಲ್ಲದವರು ಇಷ್ಟು ಸುಮ್ಮನಿರುತ್ತಾರೆಯೇ ಎಂದು ಮುನಿರಾಮಪ್ಪನಿಗೆ ಅದೂ ಅನುಮಾನವೇ.

*

ಪೆದ್ದಪ್ಪ ಬಂದ. ಅಳಲಿಲ್ಲ. ನೆಟ್ಟಗೆ ಮುನಿರಾಮಪ್ಪನ ಪಕ್ಕಕ್ಕೆ ಬಂದು ಕುಕ್ಕರುಗಾಲಿನಲ್ಲಿ ಕೂತ.

"ಬಂದ್ಯಲ್ಲ. ನಿನ್ನೋರೇ ತಾನೆ," ಎಂದ ಮುನಿರಾಮಪ್ಪ.

"ಅಲ್ಲ ಕಣೋ. ಅವತ್ತು ಮಾಲೂರಲ್ಲಿ ನೀನು ನಿಂತಿದ್ದು ನೋಡೇ ನಾನು ಗಾಡಿ ನಿಲ್ಸಿದ್ದು, ನಿಂಗೆ ಅವರ ಮೇಲೆ ಅನುಮಾನ ಬರ್ಲಿ ಅಂತ. ಬಿಸ್ಲು ಜಾಸ್ತಿ, ಹತ್ತಿ ಸ್ವಾಮಿ ಅಂದೆ. ಪಾಪ, ಹತ್ತಿದ್ರು. ಕೇಸಿನ ಮಾತು ತೆಗೆದ್ರೆ ಇಳಿದುಬಿಡ್ತೀನಿ ಅಂತ ಮೊದ್ಲೇ ಹೇಳಿದ್ರು."

"ಕೋರ್ಟಲ್ಲಿ ಯಾಕೆ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ನೀವಿಬ್ರೂ ಸೇರಿ ಮತ್ತೆ ಕೇಸು ಹಾಕ್ತಿದ್ರಿ, ಬಾವಿ ನಂಗೆ ದಕ್ತಿತ್ತಾ?"

ಇದೂ ಇವನದೊಂದು ಆಟವಿರಬಹುದು. ಮುನಿರಾಮಪ್ಪ ಅವನ ಮುಖವನ್ನೇ ಹುಡುಕಿ ಹುಡುಕಿ ನೋಡಿದ. ಅಲ್ಲೊಂದು ಸುಳ್ಳು ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು. ಸಿಗಲಿಲ್ಲ.

"ಬಾಯಿಗೆ ಅಕ್ಕಿ ಹಾಕೋರು ಬನ್ರಪ್ಪ," ಎಂದರು ವಕೀಲರ ಹೆಂಡತಿ ಗಂಗರತ್ನಮ್ಮ.

ಮುನಿರಾಮಪ್ಪ ಎದ್ದುಹೋದ. ಆಕೆ ಅವನ ಮುಖ ನೋಡದೆ ತಟ್ಟೆ ಹಿಡಿದರು. ಗಲ್ಲಕ್ಕೆ ಬಟ್ಟೆ ಕಟ್ಟಿ ಮುಚ್ಚಿದ್ದ ಬಾಯಿಯ ಮೇಲೆ ಅವನು ಹಾಕಿದ ಅಕ್ಕಿ ನಿಲ್ಲದೆ ಕೆನ್ನೆಗೆ ಜಾರಿತು. ಅವನು ಬಗ್ಗಿ, ಒಂದೊಂದೇ ಕಾಳು ಹೆಕ್ಕಿ ಮತ್ತೆ ತುಟಿಯ ಮೇಲೆ ಇಡತೊಡಗಿದ. ಹಿಂದಿನವರು ಮುಷ್ಟಿಯಲ್ಲಿ ಅಕ್ಕಿ ಹಿಡಿದು ಕಾಯುತ್ತ ನಿಂತರು.