ಕೊಯ್ದ ಬೂಟು

"ಆಳಕ್ಕೆ ಕೊಯ್ಯೋ ಬೋಳಿಮಗನೆ. ಮೇಲ್ಮೇಲೆ ಗೀರಿದ್ರೆ ಹೊಲ್ಕೊಂಡು ಮೆಟ್ಕೋತೀರ ನೀವು."

ಮೇಸ್ತ್ರಿ ಬೈದರೂ ಅವನು ತಲೆ ಎತ್ತಲಿಲ್ಲ. ಶಾಲೆ ಮಕ್ಕಳ ಬೂಟು ಮಾಡುವ ಕಾರ್ಖಾನೆಯಲ್ಲಿ ಅವನದು ಕೊಯ್ಯುವ ಕೆಲಸ. ಹೊಲಿಗೆ ಸೊಟ್ಟಗಾದ, ಅಂಟು ಮೆತ್ತಿದ ಬೂಟುಗಳನ್ನು ತುದಿಯಿಂದ ಹಿಮ್ಮಡಿವರೆಗೆ ಸೀಳಿ ಎಸೆಯಬೇಕು. ಹಾಗೇ ಬಿಟ್ಟರೆ ಕೆಲಸದವರು ಮನೆಗೆ ಒಯ್ಯುತ್ತಾರೆ, ಆಮೇಲೆ ಅಂಗಡಿಯಲ್ಲಿ ಕೊಳ್ಳುವವರು ಯಾರು ಎಂಬುದು ಸಾಹುಕಾರರ ತರ್ಕ. ಅವರು ಕೊಡುವ ಕೂಲಿಯಲ್ಲಿ ಕೊಳ್ಳುವುದು ಹೇಗೆಂದು ಯಾರೂ ಕೇಳಿರಲಿಲ್ಲ. ಜೊತೆಯವರು ಅವನನ್ನು ಕಟುಕ ಎಂದು ಕರೆದು ನಗುತ್ತಿದ್ದರು, ಅವನೂ ನಗುತ್ತಿದ್ದ.

ಬೂಟಿಲ್ಲವೆಂದು ಮಗಳನ್ನು ಶಾಲೆಯ ಬಾಗಿಲಿಂದಲೇ ವಾಪಸ್ಸು ಕಳಿಸಿದ ದಿನ ಆ ನಗು ನಿಂತಿತು. ತಾನೇ ಸೀಳಿದ ಒಂದು ಜೊತೆಯನ್ನು ಅಂಗಿಯೊಳಗೆ ಅಡಗಿಸಿ ತಂದ. ಹೆಂಡತಿ ದಬ್ಬಳ ಹಿಡಿದು ಕೂತು ಹೊಲಿದಳು, ಮೇಲೆ ಮಸಿ ಬಳಿದಳು.

"ಆಪರೇಷನ್ ಆದಂಗಿದೆ ಅಪ್ಪ" ಎನ್ನುತ್ತ ಮಗಳು ಅದನ್ನೇ ಮೆಟ್ಟಿ ಶಾಲೆಗೆ ಓಡಿದಳು.

ಹೊಸ ಶೆಡ್ಡು ತೆರೆಯುವ ದಿನ ಕೆಲಸದವರ ಮನೆಮಂದಿಯನ್ನೆಲ್ಲ ಕರೆದಿದ್ದರು. ಮಾರಾಟವಾಗದ ಮಾಲು ತುಂಬಿಡಲು ಕಟ್ಟಿದ ಶೆಡ್ಡು ಅದು. ಮೊದಲು ಕಂಪನಿ ಬೆಳೆಯಲಿ, ಹಿಂದೆಯೇ ನೀವೂ ಬೆಳೆಯುತ್ತೀರಿ, ಸ್ವಲ್ಪ ತಾಳಿ ಎಂದರು ಸಾಹುಕಾರರು. ಮದುವೆಗೆ ಮುಂಚೆಯೂ ಅವನು ಇದೇ ಮಾತು ಕೇಳಿ ಚಪ್ಪಾಳೆ ತಟ್ಟಿದ್ದ. ಮಿಠಾಯಿ ಹಂಚುತ್ತ ಬಂದ ಸಾಹುಕಾರರ ಕಣ್ಣು ಹುಡುಗಿಯ ಕಾಲಿನ ಮೇಲೆ ನಿಂತಿತು.

"ಯಾರ ಮಗು ಇದು?"

ಮಗಳು ಅಪ್ಪನ ಮುಖ ನೋಡಿದಳು, ಕಾದಳು, ಆಮೇಲೆ ನೆಲ ನೋಡಿದಳು.

"ನಮ್ಮ ಕಟುಕಂದು ಸಾರ್" ಎಂದ ಮೇಸ್ತ್ರಿ.

ಸಾಹುಕಾರರು ದನಿ ಏರಿಸಲಿಲ್ಲ. "ಬೂಟು ಬಿಚ್ಚಮ್ಮ. ನಿಮ್ಮಪ್ಪ ಅರ್ಧಕ್ಕೆ ಬಿಟ್ಟ ಕೆಲಸ ಮುಗಿಸ್ಲಿ."

ಅವನು ಮುಗಿಸಿದ. ಹೆಂಡತಿ ಹಾಕಿದ ಹೊಲಿಗೆ ಒಂದೊಂದಾಗಿ ಕಡಿಯುವಾಗ ಕೈ ದಿನದಂತೆಯೇ ಸಲೀಸಾಗಿ ಆಡಿತು. ಅದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಮನೆಗೆ ಬಂದ ಮಗಳು ಶಾಲೆಯ ಚೀಲವನ್ನು ಮೂಲೆಗೆ ಸರಿಸಿದಳು. ಹೆಂಡತಿ ಬೆನ್ನು ತಿರುಗಿಸಿಕೊಂಡೇ ಅಂದಳು: "ಮೊದ್ಲೇ ಕಾರ್ಖಾನೆ ಹೊಲಿಗೆ ಮೇಲೆ ಕೊಯ್ದಿದ್ರೆ ತೊಗಲಾದ್ರೂ ಉಳೀತಿತ್ತು."

ಮಾರನೆಯ ದಿನದಿಂದ ಅವನ ಚಾಕು ಹೊಲಿಗೆಯ ಗುಂಟವೇ ಓಡಿತು. ಬಾಯಿ ಬಿಟ್ಟು ಬಿದ್ದ ರಾಶಿಯನ್ನು ಮೇಸ್ತ್ರಿ ಕಾಲಲ್ಲಿ ಕೆದಕಿ, ಈಗ ಕೆಲಸ ಕಲಿತೆ ಎಂದು ಮೆಚ್ಚಿದ. ಕಡಿದದ್ದು ಬರೀ ದಾರ. ಜೊತೆಯವರಿಗೆ ಅದು ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಸಾಲುಮನೆಗಳಲ್ಲಿ ದಬ್ಬಳಗಳು ಹೊರಬಂದವು, ಮಕ್ಕಳ ಕಾಲಲ್ಲಿ ಬೂಟುಗಳು ಕಂಡವು.

ತನ್ನ ಮನೆಯ ಹೊಸಿಲ ಮೇಲೂ ಅವನು ಒಂದು ಜೊತೆ ತಂದಿಟ್ಟ. ಬೆಳಿಗ್ಗೆ ಮಗಳು ಅದನ್ನು ದಾಟಿಕೊಂಡು ಬರಿಗಾಲಲ್ಲೇ ಹೊರಟಳು, ಶಾಲೆಯ ದಾರಿ ಬಿಟ್ಟು.